ಹೊರೆಗೆ ತಕ್ಕ ಚಕ್ರ

ಮೈಸೂರಿನಿಂದ ಹುಣಸೂರನ್ನು ದಾಟಿ ಮಡಿಕೇರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಪಿರಿಯಾಪಟ್ಟಣಕ್ಕಿಂತ ಮೊದಲೇ ಎದುರಾಗುವ ಕಂಪಲಾಪುರದಲ್ಲಿ, ತಂಬಾಕಿನ ಹರಾಜು ನಡೆಯುವ ತಿಂಗಳುಗಳಲ್ಲಿ ಒಂದು ಬೆಳಗಿನ ಹೊತ್ತು ನಿಂತು ನೋಡಿದವರಿಗೆ, ಈ ಸೀಮೆಯ ಬೇಸಾಯಗಾರನ ಬದುಕು ಎಷ್ಟರಮಟ್ಟಿಗೆ ಪಿಕಪ್ ಗಾಡಿಯ ನಾಲ್ಕು ಚಕ್ರಗಳ ಮೇಲೆ ನಿಂತಿದೆಯೆಂಬುದು ಬೇರೆ ವಿವರಣೆಯಿಲ್ಲದೆಯೇ ಮನವರಿಕೆಯಾಗುತ್ತದೆ. ಎಲೆಯನ್ನು ಹದಗೊಳಿಸುವ ಬ್ಯಾರನ್ನುಗಳಲ್ಲಿ ಹದವಾಗಿ ಬೆಂದು, ದರ್ಜೆಗೆ ತಕ್ಕಂತೆ ವಿಂಗಡವಾಗಿ, ಗೋಣಿತಾಟಿನಲ್ಲಿ ಬಿಗಿಯಾಗಿ ಕಟ್ಟಿಸಿಕೊಂಡ ಹೊಗೆಸೊಪ್ಪಿನ ಬೇಲುಗಳು ಟಾರ್ಪಾಲಿನ ಕೆಳಗೆ ಕುಳಿತು ಬರುವುದು ಈ ಗಾಡಿಗಳಲ್ಲಿಯೇ. ಶುಂಠಿಯ ಮೂಟೆ, ಮುಸುಕಿನ ಜೋಳದ ರಾಶಿ, ಬ್ಯಾರನ್ನಿಗೆ ಬೇಕಾದ ಸೌದೆ ಹೋಗಿ ಬರುವುದೂ ಇವುಗಳಲ್ಲಿಯೇ. ಮುಂಗಾರಿನ ಮೊದಲ ಮಳೆ ಬಿದ್ದು ಸಸಿ ನೆಡುವ ಕಾಲ ಬಂದಿತೆಂದರೆ, ನುಣುಪಾದ ಡಾಂಬರು ರಸ್ತೆಯಲ್ಲಿ ಓಡಾಡಿಕೊಂಡಿದ್ದ ಅದೇ ಗಾಡಿ, ಗೊಬ್ಬರದ ಚೀಲಗಳನ್ನು ಹೊತ್ತು ಕೆಂಪು ಮಣ್ಣಿನ ಹೊಲದ ದಾರಿಗೂ, ಹಾರಂಗಿ ನಾಲೆಯ ಏರಿಗೂ, ಹೆಗ್ಗಡದೇವನಕೋಟೆಯ ಕಡೆಯ ಕಾಡಂಚಿನ ಹಾಡಿಗಳಿಗೂ ಇಳಿಯಬೇಕಾಗುತ್ತದೆ.

ಹೀಗೆ ಇಳಿದ ಗಾಡಿ ಎಲ್ಲಿಯಾದರೂ ಒಂದು ಕಡೆ ಹೂತುಕೊಂಡು, ಟ್ರ್ಯಾಕ್ಟರನ್ನು ಕರೆಸಿ ಎಳೆಸಿದ ಮೇಲೆ, ಅದರ ಒಡೆಯನ ಮನಸ್ಸಿನಲ್ಲಿ ಚಕ್ರವನ್ನೇ ಬದಲಾಯಿಸಿಬಿಡೋಣವೆಂಬ ಆಲೋಚನೆ ಹುಟ್ಟುವುದು ಸಹಜವಾದುದೇ. ಮೈಸೂರಿನ ಅಂಗಡಿಗಳಲ್ಲಿಯೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೋ ಸಾಲಾಗಿ ತೂಗುಹಾಕಿರುವ ಕರಿಯ ಬಣ್ಣದ, ಅಗಲವಾದ, ಗಾಡಿಯ ಮೈಯಿಂದ ಒಂದು ಗೇಣು ಹೊರಗೆ ಚಾಚಿಕೊಳ್ಳುವಂಥ ಅಲಾಯ್ ಚಕ್ರಗಳು ಯೌವನದ ಕಣ್ಣಿಗೆ ರಮಣೀಯವಾಗಿ ಕಾಣುವುದರಲ್ಲಿಯೂ ತಪ್ಪೇನಿಲ್ಲ. ತನ್ನ ದುಡಿಮೆಯ ಸಾಧನವು ಚೆಲುವಾಗಿರಬೇಕೆಂದು ಬಯಸುವುದು ಎತ್ತಿನ ಕೊಂಬಿಗೆ ಕಳಸ ಹಾಕುತ್ತಿದ್ದ ಹಿರಿಯರಿಂದಲೇ ನಮಗೆ ಬಂದಿರುವ ಗುಣ. ಆದರೆ ಹೊರೆ ಹೊರುವ ವಾಹನಕ್ಕೆ ಚಕ್ರವನ್ನು ಆರಿಸುವಾಗ ಮೊದಲು ವಿಚಾರಿಸಬೇಕಾದದ್ದು ಭಾರವನ್ನು, ಎರಡನೆಯದಾಗಿ ನೆಲವನ್ನು, ಇವೆರಡೂ ಇತ್ಯರ್ಥವಾದ ಮೇಲೆ ಅಂದವನ್ನು. ಈ ಕ್ರಮವು ತಲೆಕೆಳಗಾದಲ್ಲಿ ಖರ್ಚು ಮಾಡಿದ ಹಣವೇ ಗಾಡಿಗೆ ಶತ್ರುವಾಗಿ ಪರಿಣಮಿಸುತ್ತದೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನಿರೂಪಿಸುವುದು ಈ ಲೇಖನದ ಉದ್ದೇಶ.

ಚಕ್ರದ ವಿಷಯದಲ್ಲಿ ಈ ಸೀಮೆಗೆ ಒಂದು ಹಳೆಯ ಪರಂಪರೆಯೇ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳಿಗೂ, ಮದರಾಸು ಸೈನ್ಯದ ಸರಬರಾಜು ಇಲಾಖೆಯ ಚರ್ಮದ ಹದ, ಕಂಬಳಿ, ಮರಮುಟ್ಟುಗಳ ಕೆಲಸಗಳಿಗೂ ಹೆಸರಾಗಿದ್ದಂತೆ ಗಾಡಿಗಳ ತಯಾರಿಕೆಗೂ ಹೆಸರಾಗಿತ್ತು. ನಾಭಿಯ ಗಾತ್ರವೆಷ್ಟು, ಅರಗಳು ಎಷ್ಟು, ನೇಮಿಗೆ ತೊಡಿಸುವ ಕಬ್ಬಿಣದ ಪಟ್ಟೆಯ ಅಗಲವೆಷ್ಟು ಎಂಬುದನ್ನು ಅಲ್ಲಿನ ಬಡಗಿಯೂ ಕಮ್ಮಾರನೂ ಗಾಡಿ ಹೊರಬೇಕಾದ ತೂಕವನ್ನು ಕೇಳಿ ನಿಶ್ಚಯಿಸುತ್ತಿದ್ದರಲ್ಲದೆ, ನೋಡುವವನ ಕಣ್ಣನ್ನು ಕೇಳಿ ಅಲ್ಲ. ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ಮೈಸೂರಿನಲ್ಲಿಯೇ ವಿಕ್ರಾಂತ್ ಟೈರು ಕಾರ್ಖಾನೆ ನೆಲೆಗೊಂಡು, ಮುಂದೆ 1997ರಲ್ಲಿ ಜೆ.ಕೆ. ಸಂಸ್ಥೆಯ ವಶಕ್ಕೆ ಬಂದು, ಇಂದಿಗೂ ಟೈರುಗಳನ್ನು ಹೊರತರುತ್ತಿದೆ. ನೆರೆಯ ಕೊಡಗಿನ ಕಾಫಿ ತೋಟಗಳಲ್ಲಿಯಾದರೋ, ಮಹಾಯುದ್ಧಾನಂತರ ನಮ್ಮ ದೇಶಕ್ಕೆ ಬಂದ ವಿಲೀಸ್ ಜೀಪು, ಹದಿನಾರು ಅಂಗುಲದ ಕಿರಿದಾದ ಚಕ್ರಗಳ ಮೇಲೆಯೇ ತಲೆಮಾರುಗಟ್ಟಲೆ ಕೆಸರನ್ನು ಗೆದ್ದುಕೊಂಡು ಬಂದಿದೆ. ಅಗಲವಾದ ಚಕ್ರವಿಲ್ಲದೆ ಕಾಡುದಾರಿ ಸಾಧ್ಯವಿಲ್ಲವೆಂದು ಭಾವಿಸುವವರು ಈ ಒಂದು ನಿದರ್ಶನವನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಈಗ ಭಾರದ ಮಾತು. ನಮ್ಮ ಕಡೆ ಹೇರಳವಾಗಿ ಕಾಣುವ ಬೊಲೆರೋ ಪಿಕಪ್ಪಿನಲ್ಲಿ 1.3 ಟನ್ನಿನಿಂದ 1.7 ಟನ್ನಿನವರೆಗೆ ಹೊರುವ ಬೇರೆ ಬೇರೆ ರೂಪಗಳಿವೆ. ಗಾಡಿಯ ಸ್ವಂತ ತೂಕವೂ ಸಾಮಾನಿನ ತೂಕವೂ ಕೂಡಿ ಮೂರು ಸಾವಿರ ಕಿಲೋಗ್ರಾಂ ಆಯಿತೆಂದಿಟ್ಟುಕೊಳ್ಳೋಣ. ಹೇರು ಹಿಂದುಗಡೆಯೇ ಇರುವುದರಿಂದ ಒಟ್ಟು ತೂಕದ ಮೂರರಲ್ಲಿ ಎರಡು ಪಾಲು ಹಿಂದಿನ ಅಚ್ಚಿನ ಮೇಲೆ ಬಿದ್ದಲ್ಲಿ, ಹಿಂದಿನ ಒಂದೊಂದು ಚಕ್ರವೂ ಹೊರುವುದು ಒಂದು ಸಾವಿರ ಕಿಲೋಗ್ರಾಂ. ಪ್ರತಿಯೊಂದು ಟೈರಿನ ಪಕ್ಕದ ಗೋಡೆಯ ಮೇಲೆ ಅಳತೆಯ ಅಂಕೆಗಳಾದೊಡನೆ ಇನ್ನೊಂದು ಸಂಖ್ಯೆಯೂ ಅದರ ಮಗ್ಗುಲಲ್ಲಿ ಒಂದು ಅಕ್ಷರವೂ ಅಚ್ಚಾಗಿರುತ್ತವೆ. ಆ ಸಂಖ್ಯೆಯೇ ಟೈರಿನ ಭಾರಸಾಮರ್ಥ್ಯದ ಸೂಚಿ, ಅಕ್ಷರವು ವೇಗದ ಸೂಚಿ. ಸೂಚಿ 100 ಎಂದಿದ್ದರೆ ಆ ಟೈರು ಹೊರಬಲ್ಲದ್ದು 800 ಕಿಲೋಗ್ರಾಂ ಮಾತ್ರ, 108 ಎಂದಿದ್ದರೆ 1,000, 112 ಎಂದಿದ್ದರೆ 1,120. ನೋಡುವುದಕ್ಕೆ ದೈತ್ಯಾಕಾರವಾಗಿದ್ದರೂ ಕಾರುಗಳಿಗೆಂದು ತಯಾರಾದ ಟೈರಿನ ಸೂಚಿ ಎಷ್ಟೋ ವೇಳೆ ಸಾಲದೆ ಹೋಗುತ್ತದೆ. ಗಾತ್ರ ನೋಡಿ ಬಲವನ್ನು ಊಹಿಸುವುದು ಇಲ್ಲಿ ಪೂರ್ಣ ತಪ್ಪು. ಟೈರಿಗೆ ಹೇಗೋ ಹಾಗೆಯೇ ರಿಮ್ಮಿಗೂ, ಅಂದರೆ ನಮ್ಮ ಗ್ಯಾರೇಜುಗಳವರು ಡಿಸ್ಕೆಂದು ಕರೆಯುವ ಲೋಹದ ಭಾಗಕ್ಕೂ, ಒಂದು ಭಾರಮಿತಿಯುಂಟು. ಒಳ್ಳೆಯ ತಯಾರಕರು ಅದನ್ನು ರಿಮ್ಮಿನ ಹಿಂಬದಿಯಲ್ಲಿ ಎರಕದಲ್ಲಿಯೇ ಮೂಡಿಸಿರುತ್ತಾರೆ. ಆ ಅಂಕೆಯಿಲ್ಲದ ರಿಮ್ಮನ್ನು, ಅಂಗಡಿಯವನು ಎಷ್ಟೇ ಭರವಸೆ ಕೊಡಲಿ, ಸರಕುಗಾಡಿಗೆ ಕೊಳ್ಳಬಾರದೆಂದೇ ನನ್ನ ಖಚಿತವಾದ ಅಭಿಪ್ರಾಯ.

ಚಕ್ರವು ಗಾಡಿಗೆ ಕೂರುವುದೋ ಇಲ್ಲವೋ ಎಂಬುದು ಮೊದಲು ರಂಧ್ರಗಳ ಲೆಕ್ಕ. ಹಬ್ಬಿನ ಸ್ಟಡ್ಡುಗಳು ಒಂದು ವೃತ್ತದ ಮೇಲೆ ನಿಂತಿರುತ್ತವೆ. ಆ ವೃತ್ತದ ವ್ಯಾಸವನ್ನು ವ್ಯಾಪಾರದವರು ಪಿ.ಸಿ.ಡಿ. ಎನ್ನುತ್ತಾರೆ. ಹಳೆಯ ವಿಲೀಸ್ ಜೀಪಿನಲ್ಲಿ ಐದು ಸ್ಟಡ್ಡುಗಳು ಐದೂವರೆ ಅಂಗುಲದ, ಎಂದರೆ 139.7 ಮಿಲಿಮೀಟರಿನ ವೃತ್ತದಲ್ಲಿದ್ದವು. ಮಾರುತಿ ಜಿಪ್ಸಿಯಲ್ಲಿಯೂ ಹಾಗೆಯೇ. ಇಸುಜು ವಿ-ಕ್ರಾಸಿನಲ್ಲಿಯೂ, ನಮ್ಮ ಬಿಡದಿಯ ಕಾರ್ಖಾನೆಯಲ್ಲಿಯೇ ಸಿದ್ಧವಾಗುವ ಟೊಯೋಟಾ ಹೈಲಕ್ಸಿನಲ್ಲಿಯೂ ವೃತ್ತವು ಅದೇ 139.7 ಆದರೂ ಸ್ಟಡ್ಡುಗಳು ಆರು. ವೃತ್ತವೂ ಸಂಖ್ಯೆಯೂ ಎರಡೂ ಒಂದಾಗಿದ್ದರೂ ಸಾಲದು: ಚಕ್ರದ ನಡುವಿನ ತೂತು ಹಬ್ಬಿನ ಗುಬುಟಿನ ಮೇಲೆ ಸಡಿಲವಿಲ್ಲದೆ ಕೂರಬೇಕು. ತೂತು ಕಿರಿದಾದರೆ ಚಕ್ರ ಕೂರುವುದೇ ಇಲ್ಲವಾದ್ದರಿಂದ ಅಪಾಯವಿಲ್ಲ. ಹಿರಿದಾದರೆ ಚಕ್ರವು ಬರಿಯ ನಟ್ಟುಗಳ ಆಧಾರದಿಂದ ಕೇಂದ್ರವನ್ನು ಹುಡುಕಿಕೊಳ್ಳಬೇಕಾಗಿ, ಕೊಂಚ ಓರೆಯಾದರೂ ಸ್ಟಿಯರಿಂಗು ನಡುಗತೊಡಗುತ್ತದೆ. ಅಂಥಲ್ಲಿ ಅಂತರವನ್ನು ತುಂಬುವ ಬಳೆಯೊಂದನ್ನು ತೊಡಿಸುವುದು ವಾಡಿಕೆ. ರಂಧ್ರವನ್ನು ಫೈಲಿನಿಂದ ಉಜ್ಜಿ ಹಿಗ್ಗಿಸಿ ಕೂರಿಸಿಕೊಡುತ್ತೇನೆನ್ನುವವನ ಅಂಗಡಿಯಿಂದ ಆ ಕ್ಷಣವೇ ಹೊರಟುಬರಬೇಕು.

ಇದಕ್ಕಿಂತಲೂ ಸೂಕ್ಷ್ಮವೂ, ಇದಕ್ಕಿಂತಲೂ ಹೆಚ್ಚು ಗಾಡಿಗಳನ್ನು ಕೆಡಿಸುವುದೂ ಆದ ಸಂಗತಿಯೆಂದರೆ ಆಫ್‌ಸೆಟ್. ಚಕ್ರದ ಅಗಲದ ನಟ್ಟನಡುವೆ ಒಂದು ರೇಖೆಯನ್ನು ಕಲ್ಪಿಸಿಕೊಂಡು, ಆ ರೇಖೆಗೂ ಚಕ್ರವು ಹಬ್ಬಿಗೆ ಒತ್ತಿಕೊಂಡು ಕೂರುವ ಮುಖಕ್ಕೂ ಇರುವ ದೂರವನ್ನು ಅಳೆದರೆ ಬರುವ ಅಂಕೆಯೇ ಇದು. ಕೂರುವ ಮುಖವು ನಡುರೇಖೆಯಿಂದ ಹೊರಗಡೆಗಿದ್ದರೆ ಅಂಕೆ ಧನ, ಚಕ್ರವು ಗಾಡಿಯ ಮೈಯೊಳಗೆ ಸೇರಿಕೊಂಡಿರುತ್ತದೆ; ಒಳಗಡೆಗಿದ್ದರೆ ಅಂಕೆ ಋಣ, ಚಕ್ರವು ಹೊರಗೆ ಚಾಚಿಕೊಳ್ಳುತ್ತದೆ. ಲೆಕ್ಕ ಮಾಡಿಯೇ ನೋಡೋಣ. ಏಳು ಅಂಗುಲ ಅಗಲದ, ಧನ 33 ಮಿಲಿಮೀಟರು ಆಫ್‌ಸೆಟ್ಟಿನ ಚಕ್ರವೊಂದನ್ನು ತೆಗೆದು, ಅದರ ಜಾಗದಲ್ಲಿ ಎಂಟು ಅಂಗುಲ ಅಗಲದ, ಆಫ್‌ಸೆಟ್ ಸೊನ್ನೆಯಿರುವ ಚಕ್ರವನ್ನು ತೊಡಿಸಿದರೆ, ಅಗಲದಲ್ಲಿ ಹೆಚ್ಚಿದ್ದು ಒಂದೇ ಅಂಗುಲವಾದರೂ ಹೊರ ಅಂಚು ಮೊದಲಿಗಿಂತ ಸುಮಾರು 46 ಮಿಲಿಮೀಟರು, ಎಂದರೆ ಹೆಚ್ಚುಕಡಿಮೆ ಎರಡು ಅಂಗುಲ, ಹೊರಕ್ಕೆ ಸರಿದಿರುತ್ತದೆ. ಆಗ ಆಗುವುದೇನು? ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದು ಒಂದು ಮೈಲಿ ನಡೆಯುವ ಹೆಂಗಸು, ಅದೇ ಕೊಡವನ್ನು ಮೈಯಿಂದ ದೂರಕ್ಕೆ ಕೈಚಾಚಿ ಹಿಡಿಯಬೇಕಾದರೆ ಹತ್ತು ಹೆಜ್ಜೆಗೇ ಸೋಲುವಳು. ಕೊಡದ ತೂಕ ಹೆಚ್ಚಲಿಲ್ಲ, ತೋಳಿನ ಮೇಲಿನ ಎಳೆತ ಹೆಚ್ಚಿತು. ಚಕ್ರವು ಹೊರಕ್ಕೆ ಸರಿದಷ್ಟೂ ಹಬ್ಬಿನ ಬೇರಿಂಗು, ಬಾಲ್ ಜಾಯಿಂಟು, ಸ್ಟಿಯರಿಂಗಿನ ಕೊನೆಕೊಂಡಿಗಳ ಮೇಲೆ ಬೀಳುವ ಎಳೆತ ಇದೇ ಬಗೆಯದು. ಮುಂದಿನ ಒಂದು ಬದಿಯ ಚಕ್ರ ಗುಂಡಿಗೆ ಇಳಿದಾಗಲೂ, ಒಂದು ಬದಿ ಮಾತ್ರ ಬ್ರೇಕು ಹಿಡಿದಾಗಲೂ ಸ್ಟಿಯರಿಂಗು ಚಾಲಕನ ಕೈಯಿಂದ ಕಿತ್ತುಕೊಂಡು ಹೋಗುವಂತಾಗುವುದೂ ಇದರಿಂದಲೇ. ಇದರ ಮೇಲೆ, ಮೈಯಿಂದ ಹೊರಬಂದ ಚಕ್ರವು ಎರಚುವ ಕೆಸರೂ ಕಲ್ಲೂ ಹಿಂದೆ ಬರುವ ಬೈಕಿನವನ ಮುಖಕ್ಕೆ. ಹಬ್ಬಿಗೂ ಚಕ್ರಕ್ಕೂ ನಡುವೆ ಲೋಹದ ಬಿಲ್ಲೆಯನ್ನಿಟ್ಟು ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರುಗಳ ಫಲವೂ ಬೇರೆಯಲ್ಲ. ಬಿಲ್ಲೆಗಳು ಅಗ್ಗವಾಗಿ ಸಿಗುತ್ತವೆಂಬುದು ಅವನ್ನು ಹಾಕಿಸುವುದಕ್ಕೆ ಕಾರಣವಾಗಲಾರದು. ಮೂಲಚಕ್ರದ ಆಫ್‌ಸೆಟ್ಟಿಗೆ ಆದಷ್ಟು ಸಮೀಪವಾಗಿರುವ ಚಕ್ರವನ್ನೇ ಆರಿಸಬೇಕು, ಭಾರ ಹೊರುವ ಗಾಡಿಗಳಲ್ಲಿ ಆಫ್‌ಸೆಟ್ಟನ್ನು ಮುಟ್ಟದಿರುವುದೇ ವಿವೇಕ.

ಇನ್ನು ಎತ್ತರ. 215/75 ಆರ್15 ಎಂಬ ಅಳತೆಯನ್ನು ಓದುವ ಬಗೆ ಹೀಗೆ: ಟೈರಿನ ಅಗಲ 215 ಮಿಲಿಮೀಟರು, ಪಕ್ಕಗೋಡೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ರಿಮ್ಮಿನ ವ್ಯಾಸ 15 ಅಂಗುಲ, ಎಲ್ಲವನ್ನೂ ಕೂಡಿದರೆ ಚಕ್ರದ ಒಟ್ಟು ಎತ್ತರ ಸುಮಾರು 703 ಮಿಲಿಮೀಟರು. ಇದರ ಸ್ಥಳದಲ್ಲಿ 235/75 ಆರ್15 ಹಾಕಿದರೆ ಎತ್ತರ 733ರ ಸುಮಾರಿಗೆ ಏರುತ್ತದೆ. ಮೂವತ್ತು ಮಿಲಿಮೀಟರು ಹೆಚ್ಚಿದರೂ ಗಾಡಿಯ ಹೊಟ್ಟೆ ನೆಲದಿಂದ ಮೇಲೇಳುವುದು ಅದರ ಅರ್ಧ, ಹದಿನೈದೇ ಮಿಲಿಮೀಟರು. ಸ್ಪ್ರಿಂಗುಗಳನ್ನು ಎತ್ತರಿಸಿ ಗಾಡಿಯ ಮೈಯನ್ನು ಎಷ್ಟು ಮೇಲಕ್ಕೇರಿಸಿದರೂ, ಹಿಂದಿನ ಅಚ್ಚಿನ ನಡುವೆ ಜೋತಿರುವ ಡಿಫರೆನ್ಷಿಯಲಿನ ಗುಂಡು ಕಲ್ಲಿಗೆ ತಗುಲುವುದನ್ನು ತಪ್ಪಿಸುವ ಶಕ್ತಿ ಟೈರಿನ ಈ ಎತ್ತರಕ್ಕೆ ಮಾತ್ರವೇ ಇದೆಯೆಂಬುದು ನಿಜ. ಆದರೆ ಅದಕ್ಕೆ ಕೊಡಬೇಕಾದ ಬೆಲೆಯೂ ಉಂಟು: ಸ್ಪೀಡೋಮೀಟರು 60 ತೋರಿಸುವಾಗ ಗಾಡಿ 62ನ್ನು ಮೀರಿ ಓಡುತ್ತಿರುತ್ತದೆ, ಚಕ್ರಕ್ಕೆ ಮುಟ್ಟುವ ಎಂಜಿನಿನ ಎಳೆತ ನೂರಕ್ಕೆ ನಾಲ್ಕರಷ್ಟು ತಗ್ಗಿ, ತುಂಬಿದ ಗಾಡಿಯಲ್ಲಿ ಮಡಿಕೇರಿಯ ಏರನ್ನು ಹತ್ತುವವನಿಗೆ ಒಂದು ಗೇರು ಕೆಳಗಿಳಿಯುವ ಸಂದರ್ಭಗಳು ಹೆಚ್ಚುತ್ತವೆ, ಬ್ರೇಕಿಗೆ ಬೀಳುವ ಕೆಲಸವೂ ಅದೇ ಪ್ರಮಾಣದಲ್ಲಿ ಅಧಿಕವಾಗುತ್ತದೆ.

ನೆಲದ ಸ್ವಭಾವವನ್ನು ಬಲ್ಲವರೇ ಟೈರಿನ ಹಲ್ಲನ್ನು ಆರಿಸಬಲ್ಲರು. ಹುಣಸೂರು ಪಿರಿಯಾಪಟ್ಟಣಗಳ ಮರಳುಮಿಶ್ರಿತ ಕೆಂಪು ಮಣ್ಣು ಮಳೆಗೆ ಮೇಲುಪದರದಲ್ಲಿ ಮಾತ್ರ ಜಾರುತ್ತದೆ, ಒಂದೆರಡು ಅಂಗುಲದ ಕೆಳಗೆ ಗಟ್ಟಿ ನೆಲ ಕಾಲಿಗೆ ಸಿಗುತ್ತದೆ. ಅಂಥಲ್ಲಿ ಕಿರಿದಾದ ಟೈರು ಪದರವನ್ನು ಸೀಳಿಕೊಂಡು ಗಟ್ಟಿಯನ್ನು ಮುಟ್ಟಿದರೆ, ಅಗಲವಾದ ಟೈರು ಕೆಸರಿನ ಮೇಲೆಯೇ ತೇಲಿ ಗಿರಗಿರನೆ ತಿರುಗುತ್ತದೆ. ಆಳವಾದ ಸಡಿಲ ಮರಳಿನಲ್ಲಿಯಾದರೆ ಇದು ಪೂರ್ಣ ವಿಪರ್ಯಾಸ, ಅಲ್ಲಿ ಅಗಲವೇ ಗೆಲ್ಲುವುದು. ನದಿಯ ಪಾತ್ರಕ್ಕೆ ಗಾಡಿ ಇಳಿಸುವ ಕೆಲಸವಿಲ್ಲದ ರೈತನಿಗೆ ಆ ಅಗಲದಿಂದ ಪ್ರಯೋಜನವಿಲ್ಲ. ಎರೆಮಣ್ಣಿನ ತುಂಡುಗಳಲ್ಲಿ ಮಾತ್ರ, ಹಲ್ಲುಗಳ ನಡುವಿನ ಸಂದು ತುಂಬಿಹೋದ ಮೇಲೆ ಯಾವ ಟೈರೂ ಹಲಗೆಯಂತೆ ಜಾರುವುದೇ. ದಪ್ಪ ಹಲ್ಲಿನ ಮಡ್ ಟೆರೇನ್ ಟೈರುಗಳು ಕೆಸರನ್ನು ಕೊಡವಿ ಹೊರಹಾಕುವುದರಲ್ಲಿ ನಿಸ್ಸಂಶಯವಾಗಿ ಮೇಲು. ಆದರೆ ನೆನೆದ ಡಾಂಬರಿನ ಮೇಲೆ ಹಿಡಿತ ಕಡಿಮೆ, ಸದ್ದು ಹೆಚ್ಚು, ಡೀಸೆಲಿನ ಖರ್ಚೂ ಹೆಚ್ಚು. ಕಂಪಲಾಪುರದ ಗಾಡಿ ಬಹುಪಾಲು ಓಡುವುದು ಹೆದ್ದಾರಿಯಲ್ಲಿ, ಹೊಲಕ್ಕೆ ಇಳಿಯುವುದು ಅಲ್ಪಪಾಲು. ಆದಕಾರಣ ಎರಡಕ್ಕೂ ಒಗ್ಗುವ ಆಲ್ ಟೆರೇನ್ ಟೈರೇ ಇಲ್ಲಿಗೆ ಯೋಗ್ಯ. ಕೊಳ್ಳುವಾಗ ಪಕ್ಕಗೋಡೆಯ ನಾಲ್ಕು ಅಂಕೆಗಳನ್ನು ಓದುವುದನ್ನು ಮರೆಯಬಾರದು: 2324 ಎಂದಿದ್ದರೆ ಅದು 2024ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು.

ಉಕ್ಕಿನ ಡಿಸ್ಕೋ ಅಲಾಯೋ ಎಂಬ ಪ್ರಶ್ನೆಗೆ ಉತ್ತರ ಗಾಡಿಯ ಕಸುಬಿನಲ್ಲಿದೆ. ಉಕ್ಕು ಕಲ್ಲಿಗೆ ಬಡಿದರೆ ಸೊಟ್ಟಗಾಗುತ್ತದೆ, ಆ ಸೊಟ್ಟನ್ನು ತಿದ್ದಬಲ್ಲವರು ತಾಲ್ಲೂಕಿಗೆ ಹತ್ತಾರು ಮಂದಿ. ಅಲಾಯ್ ಹಗುರ, ಬಿಸಿಯನ್ನು ಬೇಗ ಬಿಡುತ್ತದೆ, ಆದರೆ ಮಿತಿ ಮೀರಿದ ಪೆಟ್ಟಿಗೆ ಬಿರುಕುಬಿಡುತ್ತದೆ, ಬಿರುಕನ್ನು ಬೆಸೆಯಿಸಿ ಮತ್ತೆ ಭಾರ ಹೊರಿಸುವುದು ಪ್ರಾಣಕ್ಕೆ ಸಂಚಕಾರ. ಸರಕು ಹೊರುವ ಗಾಡಿಗೆ ಉಕ್ಕೇ ಸರಿ. ಮನೆಮಂದಿಯನ್ನು ಕೂರಿಸಿಕೊಂಡು ತೋಟಕ್ಕೂ ಪೇಟೆಗೂ ಓಡಾಡುವ ವಿ-ಕ್ರಾಸ್, ಹೈಲಕ್ಸುಗಳಿಗೆ ಅಲಾಯ್ ಹಾಕಿಸಬಹುದು. ಭಾರತೀಯ ಮಾನಕದ ಗುರುತನ್ನು, ಹೊರನಾಡಿನ ಮಾಲಾದರೆ ಜಪಾನಿನ ಜೆ.ಡಬ್ಲ್ಯು.ಎಲ್. ಗುರುತನ್ನು ನೋಡಿಕೊಂಡು. ರಿಮ್ಮಿನ ವ್ಯಾಸ ಹೆಚ್ಚಿದಷ್ಟೂ ಟೈರಿನ ಪಕ್ಕಗೋಡೆ ಗಿಡ್ಡವಾಗಿ, ಕಲ್ಲಿನ ಪೆಟ್ಟನ್ನು ರಬ್ಬರಿನ ಬದಲು ಲೋಹವೇ ತಿನ್ನಬೇಕಾಗುತ್ತದಾದ್ದರಿಂದ, ಒರಟು ದಾರಿಗೆ ದೊಡ್ಡ ರಿಮ್ಮು ಲಾಭಕರವಲ್ಲ. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯಲ್ಲಿ ಸ್ಟೆಪ್ನಿಯೂ ಸೇರಿ ಐದು ಟೈರುಗಳೂ ಒಂದೇ ಎತ್ತರದವಾಗಿರಬೇಕು. ಇಲ್ಲವಾದರೆ ಗೇರುಪೆಟ್ಟಿಗೆಗಳು ಒಂದರೊಡನೊಂದು ಸೆಣಸಿ ಸವೆಯುತ್ತವೆ.

ಕಾನೂನಿನ ವಿಚಾರವನ್ನೂ ಹೇಳದೆ ಬಿಡುವಂತಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದನ್ವಯ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಗೊತ್ತುಪಡಿಸಿದ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯು ತಪ್ಪಿದ ಒಡೆಯನಿಗೆ ಆರು ತಿಂಗಳವರೆಗಿನ ಸೆರೆಯನ್ನೋ, ಒಂದೊಂದು ಮಾರ್ಪಾಟಿಗೆ ಐದು ಸಾವಿರ ರೂಪಾಯಿ ದಂಡವನ್ನೋ ವಿಧಿಸಲು ಅವಕಾಶ ಮಾಡಿದೆ. ಕೆ.ಎ. 45ರ ಹಳದಿ ಫಲಕ ಹೊತ್ತ ನಮ್ಮ ಸರಕುಗಾಡಿಗಳು ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅರ್ಹತಾಪತ್ರಕ್ಕಾಗಿ ತಪಾಸಣೆಗೆ ನಿಲ್ಲಲೇಬೇಕು. ಅದೇ ಮಾದರಿಯ ಯಾವುದಾದರೊಂದು ರೂಪಕ್ಕೆ ತಯಾರಕನೇ ಒಪ್ಪಿರುವ ಅಳತೆಗಳೊಳಗೆ ಇದ್ದುಕೊಂಡು, ವಿಮೆಯ ಕಂಪನಿಗೂ ಬರೆದು ತಿಳಿಸಿಟ್ಟರೆ, ಅಪಘಾತದ ದಿನ ಪರಿಹಾರಕ್ಕಾಗಿ ವಾದಿಸುತ್ತ ಅಲೆಯುವ ದುರವಸ್ಥೆ ಬರಲಾರದು.

ಆರಿಸಿದ್ದಾಯಿತು; ಕೂರಿಸುವುದರಲ್ಲಿಯೂ ಅಷ್ಟೇ ನಿಷ್ಠೆ ಬೇಕು. ಗಟ್ಟಿ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಎದುರು ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನಿಂದೆತ್ತಿ ಹಳೆಯ ಚಕ್ರವನ್ನು ಕಳಚಿದ ಮೇಲೆ, ಹಬ್ಬಿನ ಮುಖದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಅಲ್ಲಿ ಉಳಿದ ತುಕ್ಕಿನ ಪದರ ಮುಂದೆ ಪುಡಿಯಾಗಿ ಉದುರಿದಾಗ ಬಿಗಿದ ನಟ್ಟೂ ತಾನಾಗಿ ಸಡಿಲವಾಗುತ್ತದೆ. ಅಲಾಯ್ ಚಕ್ರಕ್ಕೂ ಉಕ್ಕಿನದಕ್ಕೂ ನಟ್ಟಿನ ತಳದ ಆಕಾರ ಅನೇಕ ವೇಳೆ ಬೇರೆ, ಒಂದಕ್ಕೆ ಶಂಕುವಿನಂತೆ ಚೂಪಾದದ್ದು, ಮತ್ತೊಂದಕ್ಕೆ ಚಪ್ಪಟೆಯೋ ಗುಂಡಗಿನದೋ. ತಳ ಹೊಂದದ ನಟ್ಟು ಬಿಗಿಯಾದಂತೆ ತೋರಿದರೂ ಹಿಡಿದಿರುವುದಿಲ್ಲ. ಸ್ಟೆಪ್ನಿ ಉಕ್ಕಿನದಾಗಿ ಉಳಿದಿದ್ದರೆ ಅದಕ್ಕೆ ತಕ್ಕ ನಟ್ಟುಗಳ ಒಂದು ಜೊತೆ ಸೀಟಿನ ಕೆಳಗಿರಲಿ. 12 ಮಿಲಿಮೀಟರಿನ, ಒಂದೂವರೆ ಮಿಲಿಮೀಟರು ಮರೆಯ ಸ್ಟಡ್ಡಿನಲ್ಲಿ ನಟ್ಟು ಎಂಟು ಸುತ್ತಾದರೂ ಪೂರ್ತಿ ಇಳಿಯಬೇಕು. ಮರೆಗೆ ಎಣ್ಣೆ ಸವರಬಾರದು. ಎಣ್ಣೆಯ ಜಾರಿಕೆಯಿಂದ ಅಂದಾಜು ತಪ್ಪಿ, ಸ್ಟಡ್ಡು ಎಳೆದು ಮುರಿಯುವವರೆಗೆ ಬಿಗಿದುಬಿಡುವುದುಂಟು. ನಟ್ಟುಗಳೆಲ್ಲವನ್ನೂ ಮೊದಲು ಕೈಯಿಂದಲೇ ತಿರುಗಿಸಿ, ಬಳಿಕ ಒಂದರ ಪಕ್ಕದ್ದನ್ನಲ್ಲದೆ ಎದುರಿನದನ್ನು ಹಿಡಿಯುತ್ತ ನಕ್ಷತ್ರಕ್ರಮದಲ್ಲಿ ಬಿಗಿದು, ಗಾಡಿಯನ್ನು ಇಳಿಸಿ, ಗಾಳಿಯ ಗನ್ನಿನಿಂದಲ್ಲ, ಟಾರ್ಕ್ ರೆಂಚಿನಿಂದ, ಕೈಪಿಡಿಯಲ್ಲಿ ಹೇಳಿರುವ ಅಳತೆಗೆ ಮುಗಿಸಬೇಕು. ಆಮೇಲೆ ಬ್ಯಾಲೆನ್ಸಿಂಗು, ಅಲೈನ್‌ಮೆಂಟು. ಅದೂ ಮುಗಿದ ಮೇಲೆ ಸ್ಟಿಯರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ಟೈರು ಒಳಗೆಲ್ಲಿಯೂ ಉಜ್ಜದೆಂದು ಕಂಡುಕೊಳ್ಳಬೇಕು. ಖಾಲಿ ಗಾಡಿಯಲ್ಲಿ ಉಜ್ಜದ ಟೈರು ಹೇರು ತುಂಬಿ ಸ್ಪ್ರಿಂಗಿನ ಪಟ್ಟಾ ಬಗ್ಗಿದಾಗ ಉಜ್ಜಬಹುದಾದ್ದರಿಂದ ಭಾರ ಹಾಕಿಯೂ ನೋಡಬೇಕು.

ಗಾಳಿಯ ಒತ್ತಡವನ್ನು ಬಾಗಿಲ ಕಂಬದ ಫಲಕದಲ್ಲಿರುವಂತೆ ಇಡಿ. ಕೆಸರಿಗಾಗಿ ಇಳಿಸುವುದಿದ್ದರೆ ಖಾಲಿ ಗಾಡಿಯಲ್ಲಿ ಮಾತ್ರ ಇಳಿಸಿ, ಡಾಂಬರಿಗೆ ಹತ್ತುವ ಮೊದಲೇ ಮತ್ತೆ ತುಂಬಿಸಿ. ಹೊಸ ಚಕ್ರದ ಮೇಲೆ ಮೊದಲ ನೂರು ಕಿಲೋಮೀಟರು ಓಡಿದ ಮೇಲೆ, ಎಂದರೆ ಕಂಪಲಾಪುರದಿಂದ ಮೈಸೂರಿಗೆ ಒಂದು ಸಲ ಹೋಗಿ ಬಂದೊಡನೆಯೇ, ಬೇಲುಗಳನ್ನು ಹೇರುವುದಕ್ಕೆ ಮೊದಲು, ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಅದೇ ಅಳತೆಗೆ ಬಿಗಿಸಿಕೊಳ್ಳಿ.